ವೀಸಾ ಅರ್ಜಿಯ ಹಿಂದೊಂದು ಲೆಕ್ಕ

ಈಚೆಗೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಕೈಯಲ್ಲಿ ಕೆನಡಾ ದೇಶದ ವಲಸೆ ಇಲಾಖೆಯಿಂದ ಬಂದ ಪತ್ರ. ಮಗನಿಗೆ ಅಲ್ಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶುಲ್ಕಕ್ಕೆ ಹಣವೂ ಹೊಂದಿತ್ತು. ಆದರೆ ವ್ಯಾಸಂಗದ ಅನುಮತಿ ಮಾತ್ರ ಸಿಗಲಿಲ್ಲ. ಓದು ಮುಗಿದ ಮೇಲೆ ಹುಡುಗ ಆ ದೇಶ ಬಿಟ್ಟು ಹೊರಡುತ್ತಾನೆ ಎಂಬುದು ಅಧಿಕಾರಿಗೆ ಮನದಟ್ಟಾಗಿಲ್ಲ ಎಂಬ ಅರ್ಥದ ಒಂದು ವಾಕ್ಯ ಪತ್ರದಲ್ಲಿತ್ತು.

"ಮೇಷ್ಟ್ರೇ, ಹುಡುಗನ ಮುಖಾನೂ ನೋಡ್ಲಿಲ್ಲ, ಒಂದು ಮಾತೂ ಕೇಳ್ಲಿಲ್ಲ. ಇವನು ವಾಪಸ್ ಬರೋದಿಲ್ಲ ಅಂತ ಅವರಿಗೆ ಹೇಳಿದ್ಯಾರು?" ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಒಂದು ಉದ್ಯೋಗದ ಪರಿಚಯವಾಯಿತು. ಹೆಚ್ಚಿನ ಜನ ಅದರ ಹೆಸರನ್ನೇ ಕೇಳಿರಲಾರರು. ಆದರೆ ವಿದೇಶಕ್ಕೆ ಹೊರಟ ಪ್ರತಿಯೊಬ್ಬನ ಅರ್ಜಿಯ ಮೇಲೂ ಆ ಉದ್ಯೋಗದವರ ನೆರಳು ಬಿದ್ದಿರುತ್ತದೆ. ಇಂಗ್ಲಿಷಿನಲ್ಲಿ ಅವರನ್ನು ರಿಸ್ಕ್ ಅನಲಿಸ್ಟ್ ಎನ್ನುತ್ತಾರೆ. ನಾವು ಅಪಾಯ ವಿಶ್ಲೇಷಕರು ಎನ್ನಬಹುದು.

ವೈದ್ಯರೂ ಆರೋಗ್ಯಾಧಿಕಾರಿಯೂ

ಆಸ್ಪತ್ರೆಯ ವೈದ್ಯರು ಒಬ್ಬೊಬ್ಬ ರೋಗಿಯ ನಾಡಿ ನೋಡಿ ಔಷಧ ಬರೆಯುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಯ ಕೆಲಸ ಬೇರೆ. ಯಾವ ಹೋಬಳಿಯಲ್ಲಿ ಡೆಂಗಿ ಹೆಚ್ಚಾಗಿದೆ, ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಯಾವ ಬಾವಿಯ ನೀರು ಕುಡಿದವರಿಗೆ ವಾಂತಿಭೇದಿ ಬಂದಿದೆ ಎಂಬುದನ್ನು ಅವರು ಪಟ್ಟಿ ಮಾಡುತ್ತಾರೆ. ರೋಗಿಯನ್ನು ಅವರು ನೋಡದೆಯೇ ಇರಬಹುದು. ಆದರೂ ಅವರು ಕಳಿಸಿದ ಸುತ್ತೋಲೆ ಓದಿದ ವೈದ್ಯರು ಮುಂದಿನ ರೋಗಿಯನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡುತ್ತಾರೆ.

ವಲಸೆ ಇಲಾಖೆಯಲ್ಲೂ ಹೀಗೆಯೇ ಎರಡು ಮೇಜುಗಳಿವೆ. ಒಂದು ಮೇಜಿನಲ್ಲಿ ಅರ್ಜಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ವೀಸಾ ಅಧಿಕಾರಿ ಕೂತಿರುತ್ತಾರೆ. ಇನ್ನೊಂದರಲ್ಲಿ ವಿಶ್ಲೇಷಕರು. ಅವರ ಮುಂದೆ ಇರುವುದು ಹಿಂದಿನ ಸಾವಿರಾರು ಅರ್ಜಿಗಳ ದಾಖಲೆ. ವೀಸಾ ಪಡೆದವರಲ್ಲಿ ಅವಧಿ ಮುಗಿದರೂ ಉಳಿದುಕೊಂಡವರು ಎಷ್ಟು? ಯಾರ ದಾಖಲೆಗಳು ನಕಲಿ ಎಂದು ಆಮೇಲೆ ತಿಳಿಯಿತು? ಸಂಬಂಧವೇ ಇಲ್ಲದ ಹತ್ತಾರು ಅರ್ಜಿಗಳಲ್ಲಿ ಒಂದೇ ದೂರವಾಣಿ ಸಂಖ್ಯೆ ಏಕಿದೆ? ಬೇರೆ ಬೇರೆ ಊರಿನ ಬ್ಯಾಂಕ್ ಪತ್ರಗಳಲ್ಲಿ ಒಂದೇ ಕಾಗುಣಿತದ ತಪ್ಪು ಹೇಗೆ ಬಂತು? ಇಂಥ ಎಳೆಗಳನ್ನು ಹಿಡಿದು ಅವರು 'ಈ ಲಕ್ಷಣ ಕಂಡರೆ ಇನ್ನೊಮ್ಮೆ ಪರಿಶೀಲಿಸಿ' ಎಂಬ ಸೂಚನೆ ಬರೆದು ವೀಸಾ ಅಧಿಕಾರಿಗಳಿಗೆ ಕೊಡುತ್ತಾರೆ.

ಕೆನಡಾ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಚೀನಾ ಮತ್ತು ಭಾರತದಿಂದ ಆನ್‌ಲೈನ್ ಮೂಲಕ ಬರುವ ಸಂದರ್ಶಕ ವೀಸಾ ಅರ್ಜಿಗಳನ್ನು ವಿಂಗಡಿಸಲು ಗಣಕಯಂತ್ರದ ನೆರವು ಪಡೆಯುವ ಪ್ರಯೋಗ ಅದು. ಅಧಿಕಾರಿಗಳು ಹಿಂದೆ ಕೊಟ್ಟ ತೀರ್ಮಾನಗಳಿಂದಲೇ ಸೂತ್ರಗಳನ್ನು ಕಂಡುಕೊಂಡು, ಸರಳವಾದ ಅರ್ಜಿಗಳನ್ನು ಒಂದು ಕಡೆ, ತೊಡಕಿನವನ್ನು ಇನ್ನೊಂದು ಕಡೆ ಹಾಕುವುದು ಯಂತ್ರದ ಕೆಲಸ. ತೀರಾ ಸರಳವಾದವುಗಳಿಗೆ ಅರ್ಹತೆಯ ಮಟ್ಟಿಗೆ ಯಂತ್ರವೇ ಒಪ್ಪಿಗೆ ಕೊಡಬಹುದು. ತಿರಸ್ಕರಿಸುವ ಅಧಿಕಾರ ಮಾತ್ರ ಯಂತ್ರಕ್ಕಿಲ್ಲ, ಅದನ್ನು ಮನುಷ್ಯನೇ ಮಾಡಬೇಕು. 2022ರ ಜನವರಿಯಿಂದ ಈ ಪದ್ಧತಿ ಕೆನಡಾದ ಹೊರಗಿನಿಂದ ಬರುವ ಎಲ್ಲ ಸಂದರ್ಶಕ ವೀಸಾ ಅರ್ಜಿಗಳಿಗೂ ವಿಸ್ತರಿಸಿತು.

ಹನ್ನೆರಡರಲ್ಲಿ ಹನ್ನೊಂದು

ಈಗ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಲೆಕ್ಕ ಸುಲಭವಾಗಲೆಂದು ನಾನೇ ಊಹಿಸಿಕೊಂಡ ಅಂಕಿಗಳು ಇವು.

ಒಂದು ಕಚೇರಿಗೆ 10,000 ಅರ್ಜಿ ಬಂದಿವೆ. ಅವುಗಳಲ್ಲಿ 100 ಮಾತ್ರ ಮೋಸದ ಅರ್ಜಿಗಳು. ವಿಶ್ಲೇಷಕರ ಸೂತ್ರ ಒಳ್ಳೆಯದೇ ಇದೆ: ನೂರು ಮೋಸದ ಅರ್ಜಿಗಳಲ್ಲಿ 90ನ್ನು ಅದು ಹಿಡಿಯುತ್ತದೆ. ಪ್ರಾಮಾಣಿಕ ಅರ್ಜಿಗಳ ವಿಷಯದಲ್ಲಿ ನೂರಕ್ಕೆ ಹತ್ತರಲ್ಲಿ ಮಾತ್ರ ತಪ್ಪುತ್ತದೆ. ಹಾಗಾದರೆ ಆ ಸೂತ್ರ ಬೆರಳು ತೋರಿಸಿದ ಒಂದು ಅರ್ಜಿ ನಿಜವಾಗಿಯೂ ಮೋಸದ್ದಾಗಿರುವ ಸಂಭವ ಎಷ್ಟು?

ತರಗತಿಯಲ್ಲಿ ಕೇಳಿದರೆ ಬಹುಪಾಲು ಮಕ್ಕಳು 'ನೂರಕ್ಕೆ ತೊಂಬತ್ತು ಸಾರ್' ಎನ್ನುತ್ತಾರೆ. ಲೆಕ್ಕ ಮಾಡಿ ನೋಡೋಣ. ಮೋಸದ ಅರ್ಜಿಗಳಲ್ಲಿ ಸಿಕ್ಕಿಬಿದ್ದವು 90. ಪ್ರಾಮಾಣಿಕರು 9,900 ಮಂದಿ, ಅವರಲ್ಲಿ ನೂರಕ್ಕೆ ಹತ್ತರಂತೆ 990 ಮಂದಿಯ ಮೇಲೂ ಸಂಶಯದ ಗುರುತು ಬಿದ್ದಿದೆ. ಒಟ್ಟು ಗುರುತು ಬಿದ್ದವು 1,080. ಅವುಗಳಲ್ಲಿ ನಿಜವಾದ ಮೋಸ 90, ಅಂದರೆ ಹನ್ನೆರಡರಲ್ಲಿ ಒಂದು. ಉಳಿದ ಹನ್ನೊಂದು ಮಂದಿ ಏನೂ ತಪ್ಪು ಮಾಡದವರು!

ಸೂತ್ರ ಕೆಟ್ಟದ್ದೆಂದು ಹೀಗಾಗಲಿಲ್ಲ. ಪ್ರಾಮಾಣಿಕರ ಸಂಖ್ಯೆ ಬಹಳ ದೊಡ್ಡದಾದುದರಿಂದ ಅದರ ಸಣ್ಣ ಪಾಲೂ ದೊಡ್ಡ ರಾಶಿಯಾಗುತ್ತದೆ. ಇಂಥ ಸಂಭವಗಳನ್ನು ಲೆಕ್ಕ ಹಾಕುವ ದಾರಿಯನ್ನು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೋರಿಸಿದರು. ಅವರು ತೀರಿಕೊಂಡದ್ದು 1761ರಲ್ಲಿ, ಅವರ ಪ್ರಬಂಧ ಅಚ್ಚಾದದ್ದು 1763ರಲ್ಲಿ. ಸಂಶಯದ ಗುರುತು ಬಿದ್ದ ಅರ್ಜಿಯನ್ನು ಕಣ್ಣುಮುಚ್ಚಿ ತಿರಸ್ಕರಿಸುವಂತಿಲ್ಲ, ತೆರೆದು ಓದಬೇಕು ಎಂಬುದಕ್ಕೆ ಈ ಲೆಕ್ಕಕ್ಕಿಂತ ದೊಡ್ಡ ಆಧಾರ ಬೇಡ. ಒಳ್ಳೆಯ ವಿಶ್ಲೇಷಕ ತನ್ನ ಸೂಚನೆಯ ಜೊತೆಗೆ ಇದನ್ನೂ ಅಧಿಕಾರಿಗೆ ತಿಳಿಸುತ್ತಾನೆ.

ನಾನು ನಿಂತ ಜಾಗ

ಇನ್ನೊಂದು ಅಪಾಯವೂ ಇದೆ. ಅದನ್ನು ಹೇಳಲು ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು.

ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ನಾನು ಮೇಲ್ವಿಚಾರಕನಾಗಿದ್ದೆ. ಒಂದು ಹಾಸ್ಟೆಲಿನ ಹುಡುಗರು ನಕಲು ಮಾಡುತ್ತಾರೆಂಬ ಮಾತು ಶಾಲೆಯಲ್ಲಿ ಹರಡಿತ್ತು. ನಾನು ಪರೀಕ್ಷೆಯುದ್ದಕ್ಕೂ ಅವರ ಸಾಲಿನ ಪಕ್ಕದಲ್ಲೇ ನಿಂತೆ. ಇಬ್ಬರು ಸಿಕ್ಕಿಬಿದ್ದರು. ಮರುವರ್ಷವೂ ಅಲ್ಲೇ ನಿಂತೆ, ಒಬ್ಬ ಸಿಕ್ಕಿದ. ನೋಡಿ, ನಾನು ಹೇಳಿರಲಿಲ್ಲವೇ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಮೂರನೆಯ ವರ್ಷ ಆಸನ ವ್ಯವಸ್ಥೆ ಬದಲಾಗಿ ಎಲ್ಲರೂ ಬೆರೆತು ಕೂತರು. ಆ ದಿನ ಚೀಟಿ ಸಿಕ್ಕಿದ್ದು ಊರಿನ ಅನುಕೂಲಸ್ಥರ ಮನೆಯ ಇಬ್ಬರು ಮಕ್ಕಳ ಬಳಿ. ಹಿಂದಿನ ಎರಡು ವರ್ಷ ಆ ಸಾಲಿನ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ನನ್ನ ದಾಖಲೆ ತೋರಿಸುತ್ತಿದ್ದುದು ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮಾತ್ರ. ಆ ಹಾಸ್ಟೆಲಿನ ಹುಡುಗರ ಮುಖ ಈಗಲೂ ನೆನಪಾಗುತ್ತದೆ.

ಒಂದು ಸರ್ಕಾರವೂ ಇಂಥದೇ ಸುಳಿಗೆ ಸಿಲುಕಬಹುದು. ಬ್ರಿಟನ್ನಿನ ಗೃಹ ಇಲಾಖೆ 2015ರಿಂದ ವೀಸಾ ಅರ್ಜಿಗಳಿಗೆ ಗಣಕಯಂತ್ರದ ಮೂಲಕ ಹಸಿರು, ಹಳದಿ, ಕೆಂಪು ಎಂದು ಬಣ್ಣ ಕೊಡುತ್ತಿತ್ತು. ಬಣ್ಣ ಕೊಡುವಾಗ ಅರ್ಜಿದಾರ ಯಾವ ದೇಶದವನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಹಸಿರು ಬಿದ್ದರೆ ದಾರಿ ಸಲೀಸು, ಕೆಂಪು ಬಿದ್ದರೆ ಹೆಚ್ಚು ತನಿಖೆ. ಈ ಬಣ್ಣ ಅಧಿಕಾರಿಯ ತೀರ್ಮಾನವನ್ನು ಮೊದಲೇ ಒಂದು ಕಡೆಗೆ ವಾಲಿಸಬಹುದು ಎಂದು ಗಡಿ ಮತ್ತು ವಲಸೆಯ ಸ್ವತಂತ್ರ ತಪಾಸಣಾಧಿಕಾರಿ 2017ರಲ್ಲೇ ಎಚ್ಚರಿಸಿದ್ದರು. ವಲಸಿಗರ ಕ್ಷೇಮಕ್ಕಾಗಿ ದುಡಿಯುವ ಸಂಸ್ಥೆಯೊಂದು ಫಾಕ್ಸ್‌ಗ್ಲವ್ ಎಂಬ ಸಂಘಟನೆಯ ಜೊತೆಗೂಡಿ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ದೇಶದವರ ಅರ್ಜಿ ಹೆಚ್ಚು ತಿರಸ್ಕೃತವಾದರೆ ಆ ದೇಶಕ್ಕೆ ಕೆಂಪು, ಕೆಂಪಾದ್ದರಿಂದ ಇನ್ನಷ್ಟು ತಿರಸ್ಕಾರ, ಅದರಿಂದ ಮತ್ತಷ್ಟು ಕೆಂಪು ಎಂಬುದು ಅವರ ವಾದ. ವಿಚಾರಣೆಗೆ ಮೊದಲೇ, 2020ರ ಆಗಸ್ಟ್‌ನಲ್ಲಿ, ಇಲಾಖೆ ಆ ಪದ್ಧತಿಯನ್ನು ಕೈಬಿಟ್ಟಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಇದಕ್ಕೆ ಔಷಧ ಏನು? ವಿಜ್ಞಾನ ಓದುವವರಿಗೆ ಗೊತ್ತಿರುವುದೇ. ಯಾವ ಗುರುತೂ ನೋಡದೆ ಕೆಲವು ಅರ್ಜಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಬಣ್ಣವನ್ನು ಮರೆಮಾಡಿ, ಅಧಿಕಾರಿಗಳಿಂದ ಪರೀಕ್ಷೆ ಮಾಡಿಸಬೇಕು. ಆಗ ಸೂತ್ರ ಎಲ್ಲಿ ತಪ್ಪುತ್ತಿದೆ ಎಂದು ತಿಳಿಯುತ್ತದೆ. ಹಳೆಯ ಸೂಚನೆಗಳನ್ನು ಕಾಲಕಾಲಕ್ಕೆ ತೆಗೆದುಹಾಕಬೇಕು. ನಾನು ಪರೀಕ್ಷಾ ಕೊಠಡಿಯಲ್ಲಿ ಆಗಾಗ ಜಾಗ ಬದಲಿಸಿದ್ದರೆ ಸಾಕಿತ್ತು.

ಹಾಗಾದರೆ ಈ ಕೆಲಸವೇ ಬೇಡವೇ?

ಹಾಗೆನ್ನುವಂತಿಲ್ಲ. ಸಂಶಯಪಡುವವರು ಸರಿಯಾಗಿ ಕೆಲಸ ಮಾಡದಿದ್ದರೂ ಪೆಟ್ಟು ಬೀಳುವುದು ನಮ್ಮ ಮಕ್ಕಳಿಗೇ. 2023ರಲ್ಲಿ ಭಾರತದ ಹಲವಾರು ವಿದ್ಯಾರ್ಥಿಗಳು ಕೆನಡಾದಿಂದ ಗಡೀಪಾರಾಗುವ ಭೀತಿಯಲ್ಲಿದ್ದರು. ಅವರು ವೀಸಾಗೆ ಕೊಟ್ಟಿದ್ದ ಕಾಲೇಜು ಪ್ರವೇಶ ಪತ್ರಗಳು ನಕಲಿ ಎಂದು ವರ್ಷಗಳ ನಂತರ ಬಯಲಾಗಿತ್ತು. ಪತ್ರ ತಯಾರಿಸಿಕೊಟ್ಟದ್ದು ಏಜೆಂಟರೆಂದೂ ತಮಗೆ ಏನೂ ತಿಳಿಯದೆಂದೂ ಅನೇಕರು ಹೇಳಿದರು. ಆ ವರ್ಷದ ಜೂನ್‌ನಲ್ಲಿ ಅಲ್ಲಿನ ಅಂದಿನ ವಲಸೆ ಸಚಿವ ಸೀನ್ ಫ್ರೇಜರ್ ಒಂದು ಕಾರ್ಯಪಡೆ ರಚಿಸಿ, ಮೋಸಹೋದವರನ್ನೂ ಮೋಸ ಮಾಡಿದವರನ್ನೂ ಬೇರ್ಪಡಿಸಿ ನೋಡುವುದಾಗಿ ಪ್ರಕಟಿಸಿದರು. 2023ರ ಡಿಸೆಂಬರ್ 1ರಿಂದ ಪ್ರತಿಯೊಂದು ಪ್ರವೇಶ ಪತ್ರವನ್ನೂ ಆಯಾ ಕಾಲೇಜೇ ಹತ್ತು ದಿನಗಳೊಳಗೆ ಖಚಿತಪಡಿಸಬೇಕೆಂಬ ನಿಯಮ ಬಂತು. ಈ ಸರಳ ಪರೀಕ್ಷೆ ಮೊದಲೇ ಇದ್ದಿದ್ದರೆ ಆ ಮಕ್ಕಳ ವರ್ಷಗಳು ಉಳಿಯುತ್ತಿದ್ದವು.

ಓದಬೇಕಾದದ್ದೇನು?

ಮಕ್ಕಳಿಗೆ ಈ ಬಗೆಯ ಕೆಲಸದಲ್ಲಿ ಆಸಕ್ತಿ ಹುಟ್ಟಿದರೆ ಕೆನಡಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಸುಂಕ ಇಲಾಖೆ 2005ರಿಂದಲೇ ಆಮದು ಸರಕನ್ನು ಇದೇ ತತ್ತ್ವದ ಮೇಲೆ ವಿಂಗಡಿಸುತ್ತಿದೆ. ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚದೆ, ಅಪಾಯ ಹೆಚ್ಚೆಂದು ಕಂಡವನ್ನು ಆರಿಸಿ ಬಿಚ್ಚುವ ಕ್ರಮ ಅದು. ಆದಾಯ ತೆರಿಗೆ ಇಲಾಖೆ, ಬ್ಯಾಂಕು, ವಿಮೆ ಎಲ್ಲೆಡೆಯೂ ಇಂಥ ಲೆಕ್ಕ ಬಲ್ಲವರು ಬೇಕು.

ಬುನಾದಿ ವಿಷಯ ಸಂಖ್ಯಾಶಾಸ್ತ್ರ. ಪಿ.ಯು.ಸಿ.ಗೆ ಸೇರಿಸುವಾಗ ಜೀವಶಾಸ್ತ್ರ ಅಥವಾ ಕಂಪ್ಯೂಟರ್ ಎರಡೇ ದಾರಿ ಎಂದುಕೊಳ್ಳುವ ಪೋಷಕರು ಗಣಿತದೊಂದಿಗೆ ಸಂಖ್ಯಾಶಾಸ್ತ್ರ ಇರುವ ವಿಭಾಗವನ್ನೂ ಒಮ್ಮೆ ವಿಚಾರಿಸಲಿ. ವಾಣಿಜ್ಯ ವಿಭಾಗದಲ್ಲೂ ಈ ವಿಷಯ ಸಿಗುತ್ತದೆ. ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಲ್ಕತ್ತದಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಕೇಂದ್ರ ಲೋಕಸೇವಾ ಆಯೋಗ ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಆದರೆ ಬರೀ ಲೆಕ್ಕ ಬಂದರೆ ಸಾಲದು. ಅಂಕಿಯ ಹಿಂದಿನ ಬದುಕನ್ನು ಅರಿಯಲು ಸಮಾಜಶಾಸ್ತ್ರ, ಭೂಗೋಳ, ಒಂದೆರಡು ಭಾಷೆ ನೆರವಿಗೆ ಬರುತ್ತವೆ. ಅಡಿಕೆ ಬೆಳೆಗಾರನ ಖಾತೆಗೆ ವರ್ಷದಲ್ಲಿ ಒಂದೆರಡು ಸಲ ಮಾತ್ರ ದೊಡ್ಡ ಮೊತ್ತ ಬೀಳುತ್ತದೆ ಎಂಬುದು ಒಟ್ಟಾವಾದಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು?

ಪೋಷಕರಿಗೆ ಎರಡು ಮಾತು

ಈ ಅಡಿಕೆಯ ಮಾತು ಸುಮ್ಮನೆ ಬಂದದ್ದಲ್ಲ. 2025ರ ಜುಲೈನಿಂದ ಕೆನಡಾದ ಇಲಾಖೆ ಕೆಲವು ಬಗೆಯ ಅರ್ಜಿಗಳನ್ನು ತಿರಸ್ಕರಿಸಿದಾಗ ಅಧಿಕಾರಿಯ ಟಿಪ್ಪಣಿಯನ್ನೂ ಪತ್ರದ ಜೊತೆ ಕಳಿಸುತ್ತಿದೆ. ಆ ತಂದೆ ತಂದಿದ್ದ ಕಾಗದಗಳ ನಡುವೆ ಅದೂ ಇತ್ತು, ಯಾರೂ ಓದಿರಲಿಲ್ಲ. ಇಬ್ಬರೂ ಕೂತು ಓದಿದೆವು. ಖಾತೆಗೆ ಈಚೆಗೆ ಒಮ್ಮೆಲೇ ಬಿದ್ದ ದೊಡ್ಡ ಮೊತ್ತದ ಮೂಲ ವಿವರಿಸಿಲ್ಲ ಎಂದಿತ್ತು.

"ಅದು ಅಡಿಕೆ ಮಾರಿದ ದುಡ್ಡಲ್ವಾ ಮೇಷ್ಟ್ರೇ! ಮಂಡಿ ರಸೀದಿ ಮನೇಲಿದೆ. ಏಜೆಂಟ್ರು ಅದೆಲ್ಲ ಬೇಡ ಅಂದ್ರು" ಎಂದರು ಅವರು.

ನಾಲ್ಕು ದಿನಕ್ಕೆಂದು ಸಾಲ ತಂದು ಖಾತೆಯಲ್ಲಿ ಹಣ ತೋರಿಸುವವರೂ ಇದ್ದಾರೆ. ಕಾಗದದ ಮೇಲೆ ಅವರಿಗೂ ಈ ರೈತನಿಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ತೋರಿಸುವುದು ಆ ರಸೀದಿ. ಆದ್ದರಿಂದ ಅರ್ಜಿಯನ್ನು ಏಜೆಂಟರ ಕೈಗೆ ಪೂರ್ತಿ ಒಪ್ಪಿಸಬೇಡಿ. ಸಲ್ಲಿಸುವ ಮೊದಲು ಪ್ರತಿ ಪುಟವನ್ನೂ ಮಗನೋ ಮಗಳೋ ಓದಲಿ, ಒಂದು ಪ್ರತಿ ಮನೆಯಲ್ಲಿರಲಿ. ಪ್ರವೇಶ ಪತ್ರ ನಿಜವೇ ಎಂದು ಕಾಲೇಜಿಗೇ ನೇರವಾಗಿ ಬರೆದು ಕೇಳಿ. ಹಣದ ಮೂಲಕ್ಕೆ ಆಧಾರ ಲಗತ್ತಿಸಿ. ಸುಳ್ಳು ದಾಖಲೆ ಮಾತ್ರ ಬೇಡವೇ ಬೇಡ. ಕೆನಡಾದ ಕಾನೂನಿನಲ್ಲಿ ಅದಕ್ಕೆ ಐದು ವರ್ಷಗಳ ನಿಷೇಧವಿದೆ.

ಹುಡುಗ ಈಗ ರಸೀದಿಗಳನ್ನು ಲಗತ್ತಿಸಿ, ಒಂದು ಪುಟದ ವಿವರಣೆ ತಾನೇ ಬರೆದು, ಮತ್ತೆ ಅರ್ಜಿ ಹಾಕಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅವನು ಆ ಹನ್ನೊಂದು ಮಂದಿಯಲ್ಲಿ ಒಬ್ಬನೆಂದು ನನಗೆ ಗೊತ್ತು. ಅರ್ಜಿ ತೆರೆದು ನೋಡುವವರಿಗೂ ಈ ಸಲ ಅದು ಕಾಣಲಿ.