ದತ್ತೂರ: ಔಷಧಿಯೂ ಹೌದು, ವಿಷವೂ ಹೌದು

ತಿಪ್ಪೆಯ ಬದಿ, ಪಾಳುಬಿದ್ದ ಹಿತ್ತಲು, ರಸ್ತೆಯ ಅಂಚು, ಶಾಲೆಯ ಕಾಂಪೌಂಡಿನ ಬುಡ ಮುಂತಾದೆಡೆ ಯಾರೂ ಬಿತ್ತದೆ ಬೆಳೆಯುವ ಮೂಲಿಕೆ ದತ್ತೂರ. ಇದಕ್ಕೆ ಉಮ್ಮತ್ತಿ, ಮದಗುಣಿಕೆ ಎಂಬ ಹೆಸರುಗಳೂ ಉಂಟು. ಸಂಜೆಗೆ ಅರಳುವ ಕಹಳೆಯಾಕಾರದ ಇದರ ಹೂವನ್ನು ಶಿವಪೂಜೆಯಲ್ಲಿ ಏರಿಸುವ ವಾಡಿಕೆಯು ಎಲ್ಲರಿಗೂ ತಿಳಿದದ್ದೇ. ಬದನೆ, ಟೊಮೆಟೊ, ಮೆಣಸಿನಕಾಯಿ, ತಂಬಾಕು ಇವೆಲ್ಲವೂ ಸೇರಿರುವ ಸಸ್ಯಕುಟುಂಬಕ್ಕೇ ಇದೂ ಸೇರಿದೆ. ಸಸ್ಯಶಾಸ್ತ್ರದಲ್ಲಿ ಈ ಕುಲಕ್ಕೆ ಇರುವ ‘ಡಟೂರ’ ಎಂಬ ಹೆಸರು ಕೂಡ ಭಾರತೀಯ ಹೆಸರಿನಿಂದಲೇ ಬಂದುದು.

ಪರಂಪರೆಯಲ್ಲಿ ದತ್ತೂರದ ಬಳಕೆ ವಿಸ್ತಾರವಾದುದು. ಎಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಕೀಲುನೋವು ಮತ್ತು ಬಾವುಗಳ ಮೇಲೆ ಕಟ್ಟುತ್ತಿದ್ದರು. ಉಬ್ಬಸಕ್ಕೆ ಒಣಗಿದ ಎಲೆಯ ಹೊಗೆಯನ್ನು ಸೇದಿಸುತ್ತಿದ್ದರು. ಈ ಎರಡನೆಯ ಕ್ರಮವನ್ನು 1802ರ ಸುಮಾರಿಗೆ ಮದ್ರಾಸಿನ ಬ್ರಿಟಿಷ್ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ ಇಲ್ಲಿ ಕಂಡು ತಿಳಿಸಿದ ಮೇಲೆ ಅದು ಇಂಗ್ಲೆಂಡಿನಲ್ಲಿ ಹಬ್ಬಿತು. ಜಪಾನಿನಲ್ಲಿ 1804ರಲ್ಲಿ ಹನವೋಕ ಸೈಶು ಎಂಬ ವೈದ್ಯರು ದತ್ತೂರವಿದ್ದ ಕಷಾಯದಿಂದ ರೋಗಿಗೆ ಪ್ರಜ್ಞೆ ತಪ್ಪಿಸಿ ಸ್ತನದ ಗೆಡ್ಡೆಯನ್ನು ಕತ್ತರಿಸಿ ತೆಗೆದರು. ಆಯುರ್ವೇದವು ದತ್ತೂರವನ್ನು ಉಪವಿಷಗಳ ಸಾಲಿನಲ್ಲಿ ಇರಿಸಿ, ಶೋಧನೆ ಮಾಡದೆ ಬೀಜವನ್ನು ಬಳಸಲಾಗದೆಂದು ವಿಧಿಸುತ್ತದೆ. ಹಿಂದಿನವರು ಇದನ್ನು ಮನೆಮದ್ದೆಂದು ಎಣಿಸಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಇಂದಿಗೂ ದತ್ತೂರವು ಔಷಧ ಮತ್ತು ಕಾಂತಿವರ್ಧಕ ನಿಯಮಾವಳಿಯ ವಿಷದ್ರವ್ಯಗಳ ಪಟ್ಟಿಯಲ್ಲಿದೆ.

ಗಿಡದ ಎಲ್ಲ ಭಾಗಗಳಲ್ಲಿಯೂ ಹಯೋಸಯಮಿನ್, ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ಕ್ಷಾರಾಭಗಳಿವೆ. ನರಗಳ ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಜೊಲ್ಲು, ಬೆವರುಗಳ ಗ್ರಂಥಿಗಳಿಗೂ, ಶ್ವಾಸನಾಳ, ಕರುಳು, ಮೂತ್ರಕೋಶಗಳ ಸ್ನಾಯುಗಳಿಗೂ ಸಂದೇಶವನ್ನು ಒಯ್ಯುತ್ತದೆ. ಈ ಕ್ಷಾರಾಭಗಳು ಆ ಸಂದೇಶವನ್ನು ತಡೆಯುತ್ತವೆ. ಬಿಗಿದ ಶ್ವಾಸನಾಳ ಸಡಿಲಗೊಳ್ಳುವುದು ಈ ತಡೆಯಿಂದಲೇ. ಬಾಯಿ ಒಣಗಿ, ಪಾಪೆ ಹಿಗ್ಗಿ, ಚರ್ಮ ಕೆಂಪಾಗಿ ಕಾದು, ಎದೆಬಡಿತ ಏರಿ, ಮೂತ್ರ ಕಟ್ಟಿ, ರೋಗಿಯು ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುವುದೂ ಇದರಿಂದಲೇ. ಮದ್ದಿಗೂ ವಿಷಕ್ಕೂ ಇರುವ ಅಂತರವು ಪ್ರಮಾಣ ಮಾತ್ರ. ಆ ಪ್ರಮಾಣವಾದರೋ ಗಿಡದ ವಯಸ್ಸು, ಋತು, ಭಾಗಗಳಿಗೆ ತಕ್ಕಂತೆ ಬದಲಾಗುವುದರಿಂದ ಮನೆಯಲ್ಲಿ ಅಳೆಯಲು ಸಾಧ್ಯವೇ ಇಲ್ಲ. ಬೇಯಿಸಿದ ಮಾತ್ರಕ್ಕೆ ವಿಷವು ಹೋಗುವುದೂ ಇಲ್ಲ.

ಇದೇ ಅಟ್ರೋಪಿನ್ ಆಸ್ಪತ್ರೆಯಲ್ಲಿ ರೈತರ ಜೀವ ಉಳಿಸುವ ಚುಚ್ಚುಮದ್ದು. ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕ ದೇಹಕ್ಕೆ ಸೇರಿದಾಗ ಅಸಿಟೈಲ್‌ಕೋಲಿನ್ ಕರಗದೆ ಉಳಿದು ಬಾಯಲ್ಲಿ ನೊರೆ, ಬೆವರು, ಉಸಿರುಕಟ್ಟು ಉಂಟಾಗುತ್ತವೆ. ಅಟ್ರೋಪಿನ್ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಆದರೆ ವೈದ್ಯರು ಅದನ್ನು ನಾಡಿ, ಶ್ವಾಸಕೋಶಗಳನ್ನು ಪರೀಕ್ಷಿಸುತ್ತ ಹಂತಹಂತವಾಗಿ ಕೊಡುತ್ತಾರೆ. ಕೀಟನಾಶಕ ಸೇವಿಸಿದವರಿಗೆ ದತ್ತೂರದ ರಸ ಕುಡಿಸಿದರೆ ಒಂದು ವಿಷದ ಮೇಲೆ ಇನ್ನೊಂದು ವಿಷ ಹಾಕಿದಂತಾಗುತ್ತದೆ.

ನಾಯಿ ಕಡಿತದ ಬಗೆಗೆ ವಿಶೇಷವಾಗಿ ಹೇಳಬೇಕಾಗಿದೆ. ಹುಚ್ಚುನಾಯಿಯ ವಿಷಕ್ಕೆ ದತ್ತೂರ ಕೊಡುವ ವಿಧಾನವು ಸುಶ್ರುತ ಸಂಹಿತೆಯಷ್ಟು ಹಳೆಯದು. ಲಸಿಕೆಯೆಂಬುದೇ ಇಲ್ಲದ ಕಾಲದ ಪ್ರಯತ್ನ ಅದು. ರೇಬೀಸ್ ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಅತಿ ವಿರಳ. ನಾಯಿ ಕಡಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸತಕ್ಕದ್ದು. ಗಾಯ ಆಳವಾಗಿದ್ದರೆ ಇಮ್ಯುನೋಗ್ಲೋಬ್ಯುಲಿನ್ ಸಹ ಅಗತ್ಯ. ನಾಟಿಮದ್ದಿನ ಪಥ್ಯದಲ್ಲಿ ಕಳೆಯುವ ಪ್ರತಿ ದಿನವೂ ಲಸಿಕೆಗೆ ದೊರೆಯಬೇಕಾದ ಕಾಲವನ್ನು ಕಸಿಯುತ್ತದೆ.

ಆಕಸ್ಮಿಕ ಸೇವನೆಗೆ ಹೆಚ್ಚಾಗಿ ಗುರಿಯಾಗುವವರು ಮಕ್ಕಳು. ಮುಳ್ಳುಕಾಯಿ ಒಡೆದಾಗ ಸಿಗುವ ಬೀಜವು ಮೆಣಸಿನಕಾಯಿ ಬೀಜವನ್ನು ಹೋಲುತ್ತದೆ. ಮೆಣಸಿನ ಬೀಜ ತೆಳು, ತಿಳಿಹಳದಿ, ಖಾರ. ದತ್ತೂರದ ಬೀಜ ದಪ್ಪ, ಕಂದು, ಕಹಿ. ಅನುಮಾನವಿದ್ದರೆ ರುಚಿ ನೋಡಿ ತೀರ್ಮಾನಿಸುವುದು ಬೇಡ. ಬೆರಕೆ ಸೊಪ್ಪು ಕೀಳುವವರೂ ಎಲೆಯನ್ನು ಗುರುತಿಸಿ ಬಿಡಬೇಕು. ಮಗು ತಿಂದಿರುವ ಸಂಶಯ ಬಂದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಹುಣಸೆನೀರು ಮಜ್ಜಿಗೆಗಳೆಂದು ಕಾಲಹರಣ ಮಾಡದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು. ಉಳಿದ ಕಾಯಿ ಅಥವಾ ಎಲೆಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ವಿಷವನ್ನು ಗುರುತಿಸುವುದು ಸುಲಭವಾಗುತ್ತದೆ.

ಅಂಗನವಾಡಿ ಮತ್ತು ಶಾಲೆಗಳ ಆವರಣದಲ್ಲಿರುವ ಗಿಡಗಳನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕಿತ್ತುಹಾಕುವುದು ಸೂಕ್ತ. ಕೀಳುವವರು ಕೈಗವಸು ಧರಿಸಬೇಕು; ರಸ ತಾಗಿದ ಕೈಯಿಂದ ಕಣ್ಣು ಉಜ್ಜಿದರೂ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ.