ಕರಸ್ಥಲದಲ್ಲಿ ಏನಿದೆ?

ಕಳೆದ ಶ್ರಾವಣದ ಒಂದು ಸೋಮವಾರ ಲಿಂಗಪೂಜೆ ಮುಗಿಸಿ ನಾವು ಭಕ್ತರಿಗೆ ದರ್ಶನ ನೀಡಲು ಹೊರಬಂದು ಕುಳಿತಿದ್ದಾಗ ರೈತರೊಬ್ಬರು ತಮ್ಮ ಮಗನ ಕೈಹಿಡಿದು ಕರೆತಂದರು. ಹುಡುಗ ನಮ್ಮ ಮಠದ ಪ್ರಸಾದನಿಲಯದಲ್ಲಿದ್ದುಕೊಂಡೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿರುವವನು. "ಅಜ್ಜಾರ, ಹುಡುಗಗ ಏನೋ ಗಾಳಿ ಸೋಕೇತ್ರಿ. ಸರಿಯಾಗಿ ಊಟ ಇಲ್ಲ, ಮಾತಿಲ್ಲ. ಪರೀಕ್ಷಾದಾಗ ಎರಡು ವಿಷಯ ಹೋಗ್ಯಾವ. ಒಂದು ತಾಯತ ಕಟ್ಟಿಕೊಡ್ರಿ" ಎಂದು ಆ ತಂದೆ ಕೈಮುಗಿದರು.

ಹುಡುಗನ ಕಣ್ಣುಗಳು ಕೆಂಪಾಗಿ ಬಾತುಕೊಂಡಿದ್ದವು. "ತಮ್ಮಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಿ?" ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಮೂರು ಗಂಟೆ ಆಗ್ತದ್ರಿ. ಮೊಬೈಲ್ ನೋಡ್ತಿರ್ತೇನ್ರಿ. ಬಿಡಬೇಕಂತೀನಿ, ಬಿಡಾಕ ಆಗವಲ್ದು" ಎಂದ.

ಆಗ ನಮಗೆ ನಮ್ಮ ತಪ್ಪು ನೆನಪಾಯಿತು. ಮುಂಜಾನೆಯ ಸಾಮೂಹಿಕ ಪ್ರಾರ್ಥನೆಗೆ ಈತ ಬರುತ್ತಿಲ್ಲವೆಂದು ನಿಲಯದವರು ದೂರು ತಂದಾಗ ಎಲ್ಲರೆದುರು ಈತನನ್ನು ಸೋಮಾರಿಯೆಂದು ಗದರಿಸಿದವರು ನಾವೇ. ಬೆಳಗಿನ ಗೈರುಹಾಜರಿಯನ್ನು ಎಣಿಸಿದ ನಾವು ರಾತ್ರಿಯ ಸಂಕಟವನ್ನು ವಿಚಾರಿಸಿರಲಿಲ್ಲ. ಗುರುಸ್ಥಾನದಲ್ಲಿ ಕುಳಿತವರು ಹೀಗೆ ಮಾಡಬಾರದಿತ್ತು.

ವೀರಶೈವ ದೀಕ್ಷೆಯಲ್ಲಿ ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸುತ್ತಾನೆ. ಅದನ್ನು ಎಡ ಅಂಗೈಯಲ್ಲಿರಿಸಿಕೊಂಡು, ಅರೆತೆರೆದ ಕಣ್ಣುಗಳಿಂದ ನೆಟ್ಟ ನೋಟದಲ್ಲಿ ನೋಡುವುದೇ ಲಿಂಗಪೂಜೆಯ ಜೀವಾಳ. ಅಲ್ಲಮಪ್ರಭುವಿಗೆ ಲಿಂಗ ದೊರೆತದ್ದು ರೆಪ್ಪೆ ಮಿಟುಕಿಸದೆ ಕರಸ್ಥಲದ ಲಿಂಗವನ್ನೇ ನೋಡುತ್ತ ಕುಳಿತಿದ್ದ ಅನಿಮಿಷಯ್ಯನ ಕೈಯಿಂದ ಎಂಬ ಕಥೆಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಇಂದು ನಮ್ಮ ಮಕ್ಕಳೂ ರಾತ್ರಿಯೆಲ್ಲ ಅಂಗೈಯನ್ನೇ ಅನಿಮಿಷರಾಗಿ ನೋಡುತ್ತಿದ್ದಾರೆ. ಆದರೆ ವ್ಯತ್ಯಾಸ ದೊಡ್ಡದು. ಲಿಂಗವು ನೋಡುವವನಿಗೆ ಹೊಸದೇನನ್ನೂ ತೋರಿಸುವುದಿಲ್ಲ. ಆದ್ದರಿಂದಲೇ ಮನಸ್ಸು ಅಲೆದಾಟ ಬಿಟ್ಟು ಒಳಮುಖವಾಗುತ್ತದೆ. ಮೊಬೈಲು ಕ್ಷಣಕ್ಕೊಂದು ಹೊಸದನ್ನು ತೋರಿಸುತ್ತದೆ. ಮನಸ್ಸು ಹೊರಗೆ ಅಲೆಯುತ್ತಲೇ ಇರುತ್ತದೆ.

ವಿಜ್ಞಾನದ ಮಾತನ್ನೂ ಕೇಳಬೇಕು. ಕತ್ತಲಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ರೆಗೆ ಸಿದ್ಧಪಡಿಸುತ್ತದೆ. ರಾತ್ರಿ ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ನೀಲಿ ಬೆಳಕು, ಅದನ್ನು ತಗ್ಗಿಸುತ್ತದೆ. ಬೆಳಕಿಗಿಂತಲೂ ಹೆಚ್ಚಾಗಿ, ನೋಡಿದ ಸಂಗತಿಗಳು ಮನಸ್ಸನ್ನು ಕಲಕಿಬಿಡುತ್ತವೆ. ಹದಿನೆಂಟು ದಾಟಿದ ಯುವಕರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ನಿದ್ರೆಗೆಟ್ಟವನ ಓದು ಸೋರುವ ಗಡಿಗೆಗೆ ನೀರು ತುಂಬಿದಂತೆ.

2004ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಆರಂಭವಾದ ಫೇಸ್‌ಬುಕ್ ಒಂದೊಂದೇ ಕಾಲೇಜಿಗೆ ವಿಸ್ತರಿಸುತ್ತ ಹೋಯಿತು. ಮೊದಲು ಬಂದ ಕಾಲೇಜುಗಳನ್ನೂ ತಡವಾಗಿ ಬಂದ ಕಾಲೇಜುಗಳನ್ನೂ ಹೋಲಿಸಿ ಮೂವರು ಅರ್ಥಶಾಸ್ತ್ರಜ್ಞರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫೇಸ್‌ಬುಕ್ ಕಾಲಿಟ್ಟ ಕಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು, ಖಿನ್ನತೆ ಹೆಚ್ಚಿತ್ತು. ಇತರರೊಡನೆ ಹೋಲಿಸಿಕೊಂಡು ತಾನು ಕೀಳೆಂದು ಭಾವಿಸುವುದು ಇದಕ್ಕೆ ಮುಖ್ಯ ಕಾರಣವೆಂದು ಅವರು ಗುರುತಿಸಿದರು. ನಮ್ಮ ಹುಡುಗನೂ ಇದನ್ನೇ ಹೇಳಿದ: "ಎಲ್ಲಾರೂ ಮುಂದ ಹೋದ್ರು, ನಾನೊಬ್ನ ಉಳಿದೆ ಅನಸ್ತದ್ರಿ."

ನಮ್ಮ ದಾಸೋಹದಲ್ಲಿ ಪಂಕ್ತಿಗೆ ಕುಳಿತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎಂದರೆ ಬಡಿಸುವವರು ಮುಂದೆ ಸಾಗುತ್ತಾರೆ. ಮೊಬೈಲಿನಲ್ಲಿ ಬಡಿಸುವವನಿಗೆ "ಸಾಕು" ಎಂಬುದು ಕೇಳಿಸುವುದಿಲ್ಲ. ಬೆರಳು ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ತಾವೇ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಹೀಗಿರುವಾಗ ಹುಡುಗರಲ್ಲಿ ಸಂಯಮವಿಲ್ಲವೆಂದು ಬೈದರಷ್ಟೇ ಸಾಲದು.

ನಾವು ತಾಯತ ಕಟ್ಟಲಿಲ್ಲ. ಹಣೆಗೆ ವಿಭೂತಿ ಧರಿಸಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಲು ಹೇಳಿದೆವು. ತಂದೆ ಹಿಂಜರಿದರು: "ಮಂದಿ ಹುಚ್ಚ ಅಂತಾರ್ರಿ, ನಾಳೆ ಹೆಣ್ಣು ಯಾರು ಕೊಡ್ತಾರ?" ನಾವು ಹೇಳಿದೆವು: "ಎತ್ತು ಮೇವು ಬಿಟ್ಟರೆ ಅಂದೇ ದನದ ಡಾಕ್ಟರನ್ನು ಕರೆಯುತ್ತೀರಿ. ಮಗ ಊಟ ಬಿಟ್ಟರೆ ಮಂದಿಯ ಮಾತಿಗೆ ಅಂಜುತ್ತೀರಾ?" ಅವರು ಮರುದಿನವೇ ಹೋದರು. ನಿದ್ರೆ ಕೆಟ್ಟರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ನಿದ್ರೆ ಕೆಡುತ್ತದೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕೆಂದು ವೈದ್ಯರು ತಿಳಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಉಚಿತವಾಗಿ ಆಪ್ತಸಮಾಲೋಚನೆ ದೊರೆಯುತ್ತದೆ.

ಪ್ರಸಾದನಿಲಯದ ಪಡಸಾಲೆಯಲ್ಲಿ ಒಂದು ಮರದ ಕಪಾಟು ಮಾಡಿಸಿದೆವು. ರಾತ್ರಿ 10 ಗಂಟೆಗೆ ಮೊಬೈಲುಗಳೆಲ್ಲ ಅಲ್ಲಿ ಮಲಗಬೇಕು, ಬೆಳಗಿನ ಪ್ರಾರ್ಥನೆಯ ನಂತರ ಏಳಬೇಕು. ನಮ್ಮ ಕೈಯಲ್ಲಿದ್ದ ಮೊಬೈಲನ್ನೇ ಮೊದಲು ಅಲ್ಲಿಟ್ಟೆವು. ಕೆಲವರು ಗೊಣಗಿದರು, ಒಬ್ಬಿಬ್ಬರು ಹಳೆಯದೊಂದನ್ನು ಕಪಾಟಿನಲ್ಲಿಟ್ಟು ಹೊಸದನ್ನು ದಿಂಬಿನಡಿ ಬಚ್ಚಿಟ್ಟುಕೊಂಡದ್ದೂ ಉಂಟು. ಅವರನ್ನು ಹೊರಹಾಕಲಿಲ್ಲ, ಕೂರಿಸಿಕೊಂಡು ಮಾತನಾಡಿದೆವು. ಮೊಬೈಲನ್ನು ನಾವು ಜರೆಯುವವರಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪಾಠದ ಟಿಪ್ಪಣಿ, ತಾಯಿಯ ದನಿ ಎಲ್ಲವೂ ಅದರಲ್ಲಿಯೇ ಬರುತ್ತವೆ. ಹಗಲಿನ ಕಾಯಕಕ್ಕೆ ಅದು ಇರಲಿ. ರಾತ್ರಿಯ ನಿದ್ರೆಯನ್ನು ಕದಿಯದಿರಲಿ.

ಆ ಹುಡುಗ ಈಗ ವಾರದಲ್ಲಿ ನಾಲ್ಕೈದು ದಿನ ಪ್ರಾರ್ಥನೆಗೆ ಬರುತ್ತಾನೆ. ಬಾರದ ದಿನ ನಾವು ಗದರಿಸುವುದಿಲ್ಲ, "ರಾತ್ರಿ ನಿದ್ದೆ ಬಂತೇನಪ್ಪಾ?" ಎಂದು ಕೇಳುತ್ತೇವೆ. ತಂದೆತಾಯಂದಿರೇ, ಗುರುಗಳೇ, ಅಂಕಗಳನ್ನು ಕೇಳುವ ಮೊದಲು ನಿಮ್ಮ ಮಕ್ಕಳನ್ನೂ ಹೀಗೊಮ್ಮೆ ಕೇಳಿ. ಮಲಗುವ ಮುನ್ನ ಅವರ ಕರಸ್ಥಲ ಬರಿದಾಗಿರಲಿ, ಮನಸ್ಸು ಹಗುರಾಗಿರಲಿ. ಸರ್ವರಿಗೂ ಸನ್ಮಂಗಳವಾಗಲಿ.