ನಾಕೆಗೆ ಬೇಕು ಎರಡನೆಯ ವಹಿ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯು ನರಗುಂದವನ್ನು ಹಿಂದಿಕ್ಕಿ, ಕೊಣ್ಣೂರಿನ ಬಳಿಯಲ್ಲಿ ಮಲಪ್ರಭೆಯನ್ನು ದಾಟಿ, ಬಾದಾಮಿ ತಾಲೂಕನ್ನು ಹೊಕ್ಕ ಕೆಲ ಹೊತ್ತಿನಲ್ಲಿಯೇ ಕುಳಗೇರಿ ಕ್ರಾಸ್ ಎಂಬ ಕೂಡುದಾರಿಯು ಬರುತ್ತದೆ. ಬಾದಾಮಿಯ ಗುಹೆಗಳನ್ನು ನೋಡಹೊರಟವರೂ ಬನಶಂಕರಿಯ ಜಾತ್ರೆಗೆ ಹೊರಟವರೂ ಇಲ್ಲಿ ಮೂಡಲಿಗೆ ಹೊರಳುತ್ತಾರೆ; ಕೆರೂರು, ಬಾಗಲಕೋಟೆಗಳ ಕಡೆಯವರು ನೆಟ್ಟಗೆ ಬಡಗಲಿಗೆ ಸಾಗುತ್ತಾರೆ. ಚಹದ ಅಂಗಡಿಯ ಬಾಕಿನ ಮೇಲೆ ಅರ್ಧ ತಾಸು ಕುಳಿತವನ ಕಣ್ಣ ಮುಂದೆ ಜೋಳದ ಚೀಲಗಳ ಗಾಡಿಗಳು, ಪರೀಕ್ಷೆಗೆ ಹೊರಟ ಹುಡುಗರು, ಬಸುರಿ ಮಗಳನ್ನು ತವರಿಗೆ ಕರೆದೊಯ್ಯುವ ತಾಯಂದಿರು, ಎಲ್ಲರೂ ಹಾದುಹೋಗುತ್ತಾರೆ. ಅವರಲ್ಲೊಬ್ಬರನ್ನಾದರೂ "ನೀನು ಯಾರು? ಎಲ್ಲಿಗೆ ಹೊರಟೆ? ಯಾರ ಅಪ್ಪಣೆಯಿಂದ?" ಎಂದು ಕೇಳುವವರಿಲ್ಲ. ಇದನ್ನು ನಾವು ಗಾಳಿಯಂತೆ, ಬಿಸಿಲಿನಂತೆ ಸಹಜವಾದುದೆಂದು ತಿಳಿದಿದ್ದೇವೆ. ಆದರೆ ಇದು ಸಹಜವಾದುದಲ್ಲ. ಗಳಿಸಿದುದು, ಆದುದರಿಂದಲೇ ಕಳೆದುಹೋಗಬಹುದಾದುದು.

ಇದೇ ದಾರಿಯ ಎರಡು ತುದಿಗಳಾದ ಹುಬ್ಬಳ್ಳಿ ಮತ್ತು ಆಗಿನ ಬಿಜಾಪುರಗಳಲ್ಲಿ ಬ್ರಿಟಿಶರ ಆಳಿಕೆಯ ಕಾಲಕ್ಕೆ ಸೆಟ್ಲಮೆಂಟುಗಳೆಂಬ ಕಾವಲಿನ ವಸತಿಗಳಿದ್ದುವು, ಗದಗ-ಬೆಟಗೇರಿಯಲ್ಲಿಯೂ ಒಂದಿತ್ತು. ಹುಬ್ಬಳ್ಳಿ, ಬೆಟಗೇರಿಗಳ ಆ ಭಾಗಗಳಿಗೆ ಇಂದಿಗೂ ಅದೇ ಹೆಸರುಂಟು. 1871ನೆಯ ಇಸವಿಯಲ್ಲಿ ಮೊದಲು ಉತ್ತರ ಹಿಂದುಸ್ಥಾನಕ್ಕೆಂದು ಹುಟ್ಟಿದ ಅಪರಾಧಿ ಜಾತಿಗಳ ಕಾಯದೆಯು 1911ರಲ್ಲಿ ದೇಶಕ್ಕೆಲ್ಲ ಹರಡಿತು. ಹರಣಶಿಕಾರಿ, ಛಪ್ಪರಬಂದ, ಘಂಟಿಚೋರ ಮೊದಲಾದ ಪಂಗಡಗಳಲ್ಲಿ ಹುಟ್ಟಿದುದೇ ಅಪರಾಧವಾಯಿತು. ದಾಖಲಾದವನ ಬೆರಳಿನ ಗುರುತನ್ನು ತೆಗೆದುಕೊಳ್ಳುವರು. ಗೊತ್ತುಮಾಡಿದ ಹೊತ್ತಿಗೆ ಅವನು ಹಾಜರಿ ಕೊಡತಕ್ಕದ್ದು. ಸೀಮೆಯನ್ನು ದಾಟಬೇಕಾದರೆ ಚೀಟಿ ಬೇಕು. ಚೀಟಿಯಿಲ್ಲದೆ ಸಿಕ್ಕಿಬಿದ್ದರೆ ಶಿಕ್ಷೆ. ಬೇರೆಯವರು ಎತ್ತಿನ ಗಾಡಿ ಕಟ್ಟಿಕೊಂಡು ನಿಶ್ಚಿಂತೆಯಿಂದ ನಡೆದ ದಾರಿಯ ಮೇಲೆಯೇ ಈ ಜನರು ಕಾಗದದ ತುಂಡೊಂದನ್ನು ಪ್ರಾಣದಂತೆ ಕಾಪಾಡಿಕೊಂಡು ನಡೆಯಬೇಕಾಗಿತ್ತು. ಮುಂಬಯಿ ಪ್ರಾಂತದಲ್ಲಿ ಈ ಕಾಯದೆಯು 1949ರಲ್ಲಿ ಹೋಯಿತು. ದೇಶದಿಂದ ಪೂರ್ಣವಾಗಿ ತೊಲಗಿದ್ದು 1952ರ ಆಗಸ್ಟ್ 31ಕ್ಕೆ, ಎಂದರೆ ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳತಕ್ಕ ಪ್ರಶ್ನೆಯೊಂದಿದೆ. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಹಿಂದೀ ಜನರು 2,000ಕ್ಕೂ ಹೆಚ್ಚು ಗುರುತಿನ ಚೀಟಿಗಳನ್ನು ಬೆಂಕಿಗೆ ಹಾಕಿದರು. ನಮ್ಮ ದೇಶಭಕ್ತಿಯು ಆ ಬೆಂಕಿಯನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತದೆ. ಅದಾದ ಮೂರು ವರ್ಷಗಳಲ್ಲಿಯೇ ಅಂಥದೇ ಚೀಟಿಯು ನಮ್ಮ ಊರ ಹೊರಗೆ ಬಂದು ನಿಂತಿತು. ಜವಾಹರಲಾಲ ನೆಹರೂ ಅವರು 1936ರಲ್ಲಿ ನೆಲ್ಲೂರಿನಲ್ಲಿ ಆ ಕಾಯದೆಯನ್ನು ಖಂಡಿಸಿದ್ದುಂಟು. ಆದರೆ ಊರೂರಿನ ಸಭ್ಯ ಗೃಹಸ್ಥರಲ್ಲಿ ಬಹುಮಂದಿಗೆ ಅದು ಕಳ್ಳತನದ ಬಂದೋಬಸ್ತೆಂದೇ ತೋರಿರಬೇಕು. ಹಾಜರಿಯ ಕಟ್ಟೆಯ ಮೇಲೆ ವಹಿಯೊಂದೇನೋ ಇತ್ತು. ಯಾರು ಬಂದರು, ಯಾರು ಬರಲಿಲ್ಲವೆಂಬುದನ್ನು ಅಧಿಕಾರಿಯು ಅದರಲ್ಲಿ ಬರೆದನು. ಹಾಜರಿಗೆ ನಿಂತವನು ಎಷ್ಟು ಹೊತ್ತು ಬಿಸಿಲಲ್ಲಿ ಕಾದನು, ಯಾವ ಮಾತನ್ನು ಕೇಳಿದನು, ಕಾಯಿಲೆಯ ಕೂಸನ್ನು ಬಿಟ್ಟುಬಂದನೋ ಎತ್ತಿಕೊಂಡು ಬಂದನೋ, ಇವನ್ನು ಬರೆದಿಟ್ಟ ಎರಡನೆಯ ವಹಿಯು ಯಾವ ದಫ್ತರದಲ್ಲಿ ದೊರೆತೀತು?

ಇಂಥ ಎರಡನೆಯ ವಹಿಯನ್ನು ಬರೆದವರು ಲೋಕದಲ್ಲಿ ಇಲ್ಲವೆಂದಲ್ಲ. ಅವರ ಸಮಾಚಾರವನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

1967ರ ಯುದ್ಧದಲ್ಲಿ ಇಸ್ರೇಲ್ ದೇಶವು ಜೋರ್ಡಾನ್ ನದಿಯ ಪಶ್ಚಿಮ ದಂಡೆಯನ್ನು ಹಿಡಿದುಕೊಂಡಿತು. ಅಂದಿನಿಂದ ಅಲ್ಲಿಯ ಪ್ಯಾಲೆಸ್ಟೀನಿ ಜನರು ಸೈನ್ಯದ ಆಡಳಿತದ ಕೆಳಗೆ ಬಾಳುತ್ತಿದ್ದಾರೆ. 2000ದ ಸಪ್ಟೆಂಬರಿನಲ್ಲಿ ಎರಡನೆಯ ದಂಗೆಯು ಎದ್ದ ಬಳಿಕ ಊರೂರ ನಡುವೆ ಸೈನಿಕರ ನಾಕೆಗಳು ದಟ್ಟವಾದುವು. ಈ ನಾಕೆಗಳಲ್ಲಿ ಅನೇಕವು ಎರಡು ದೇಶಗಳ ಗಡಿಯ ಮೇಲಿನವಲ್ಲ. ಒಂದು ಹಳ್ಳಿಗೂ ಅದರ ಪೇಟೆಗೂ ನಡುವೆ, ಮನೆಗೂ ಹೊಲಕ್ಕೂ ನಡುವೆ, ಬಾಣಂತಿಗೂ ಆಸ್ಪತ್ರೆಗೂ ನಡುವೆ ನಿಂತವು. ಕುಳಗೇರಿಯ ರೈತನು ಬಾದಾಮಿಯ ಸಂತೆಗೆ ಹೋಗಲು ಸೈನಿಕನ ಕೈಸನ್ನೆಗಾಗಿ ಕಾಯಬೇಕಾದರೆ ಹೇಗೋ ಹಾಗೆ. ಆ ದಂಗೆಯ ಮೊದಲ ಕೆಲ ವರ್ಷಗಳಲ್ಲಿ 60ಕ್ಕೂ ಹೆಚ್ಚು ಹೆಂಗಸರು ನಾಕೆಗಳಲ್ಲಿಯೇ ಹೆತ್ತರೆಂದೂ ಹಾಗೆ ಹುಟ್ಟಿದ ಕೂಸುಗಳಲ್ಲಿ ಅನೇಕವು ಉಳಿಯಲಿಲ್ಲವೆಂದೂ ಸಂಯುಕ್ತ ರಾಷ್ಟ್ರಸಂಘದ ವರದಿಗಳು ಹೇಳುತ್ತವೆ.

2001ರ ಆರಂಭದಲ್ಲಿ ಇಸ್ರೇಲಿನ ಕೆಲವು ಯೆಹೂದಿ ಹೆಂಗಸರು ಈ ನಾಕೆಗಳ ಬಳಿಗೆ ಹೋಗಿ ನಿಂತರು. ಹೀಬ್ರೂ ಭಾಷೆಯಲ್ಲಿ ಮಖ್ಸೋಮ್ ಎಂದರೆ ತಡೆ, ನಾಕೆ. ತಮ್ಮ ಸಂಘಕ್ಕೆ ಅವರು ಮಖ್ಸೋಮ್ ವಾಚ್, ಎಂದರೆ ನಾಕೆಯ ಕಾವಲು, ಎಂಬ ಹೆಸರಿಟ್ಟರು. ಮೂವರಿಂದ ಮೊದಲಾದ ಈ ಕೆಲಸವು ಕೆಲ ವರ್ಷಗಳಲ್ಲಿ ನೂರಾರು ಹೆಂಗಸರದಾಯಿತು. ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಅವರಲ್ಲಿ ಬಹುಮಂದಿ. ಕೈಯಲ್ಲಿ ಆಯುಧವಿಲ್ಲ, ಬಾಯಲ್ಲಿ ಘೋಷಣೆಯಿಲ್ಲ. ಜೊತೆಯಾಗಿ ಸರದಿಯ ಮೇಲೆ ಮುಂಜಾನೆ ಮತ್ತು ಮಧ್ಯಾಹ್ನದ ಹೊತ್ತಿಗೆ ಹೋಗುವುದು, ಸಾಲು ಎಷ್ಟು ಉದ್ದವಿದೆ, ಎಷ್ಟು ಮಂದಿಯನ್ನು ಬದಿಗೆ ನಿಲ್ಲಿಸಿದ್ದಾರೆ, ಎಷ್ಟು ಹೊತ್ತಿನಿಂದ, ಯಾವ ಕಾರಣಕ್ಕೆಂಬುದನ್ನು ಬರೆದುಕೊಳ್ಳುವುದು, ರೋಗಿಯನ್ನು ತಡೆದಿದ್ದರೆ ಮೇಲಧಿಕಾರಿಗೆ ಟೆಲಿಫೋನು ಮಾಡುವುದು, ಬರೆದುದನ್ನು ಪ್ರಕಟಿಸುವುದು, ಮರುದಿನ ಬೇರೊಂದು ಜೊತೆಯು ಹೋಗುವುದು. ಇಷ್ಟೇ ಅವರ ಆಂದೋಲನ.

ಇಷ್ಟರಿಂದ ಏನಾಯಿತೆಂದು ವ್ಯವಹಾರಸ್ಥರಾದ ವಾಚಕರು ಕೇಳುವರು. 2004ರ ನವೆಂಬರಿನಲ್ಲಿ ನಾಬ್ಲಸ್ ಪಟ್ಟಣದ ಬಳಿಯ ಬೇತ್ ಇಬಾ ನಾಕೆಯಲ್ಲಿ ಪ್ಯಾಲೆಸ್ಟೀನಿ ತರುಣನೊಬ್ಬನು ಸೈನಿಕರ ಮುಂದೆ ಪಿಟೀಲು ಬಾರಿಸುತ್ತ ನಿಂತುದನ್ನು ಈ ಸಂಘದ ಹೆಂಗಸೊಬ್ಬಳು ಚಿತ್ರಿಸಿಕೊಂಡಳು. ಆ ಚಿತ್ರವು ಲೋಕದ ಪತ್ರಿಕೆಗಳಲ್ಲೆಲ್ಲ ಹರಡಿತು. ಯೆಹೂದಿಗಳು ಜರ್ಮನಿಯವರ ಯಾತನಾಶಿಬಿರಗಳಲ್ಲಿ ಕೊಲೆಗಡುಕರ ಮುಂದೆ ವಾದ್ಯ ಬಾರಿಸಬೇಕಾಗಿದ್ದುದನ್ನು ನೆನೆದು ಇಸ್ರೇಲಿನ ಜನರೇ ತಲ್ಲಣಿಸಿದರು. ಬಾರಿಸೆಂದು ಒತ್ತಾಯಿಸಿದರೋ ಇಲ್ಲವೋ ಎಂಬ ವಾದವು ಆಗ ಬಹಳ ನಡೆಯಿತು. ನಮಗೆ ಮುಖ್ಯವಾದುದು ಇದು: ಆ ಹೆಂಗಸು ಅಲ್ಲಿ ಇಲ್ಲದಿದ್ದರೆ ವಾದವೇ ಇರುತ್ತಿರಲಿಲ್ಲ. ಸೈನ್ಯವು ಉತ್ತರ ಹೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಈ ಹೆಂಗಸರನ್ನು ಅವರ ಸ್ವಜನರೇ ದ್ರೋಹಿಗಳೆಂದು ಜರೆದರು. ನಾವು ಇಲ್ಲಿ ನಿಂತು ಒಂದು ಬಿಸಿನೀರ ಬಟ್ಟಲನ್ನೂ ಒಂದು ದಯೆಯ ಮಾತನ್ನೂ ದೊರಕಿಸಿಕೊಟ್ಟರೆ, ಇರಲೇಬಾರದ ನಾಕೆಗೆ ಮರ್ಯಾದೆ ತಂದುಕೊಟ್ಟಂತಾಗದೇ ಎಂಬ ಸಂಶಯವೂ ಅವರನ್ನು ಕಾಡದಿರಲಿಲ್ಲ. ನಾಕೆಗಳೇನೂ ಕಡಿಮೆಯಾಗಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸಿನವರು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದ ಘೋರ ಕೃತ್ಯದ ತರುವಾಯ ದಾರಿಗಳು ಮತ್ತಷ್ಟು ಬಿಗಿಯಾದುವು. ಇಸ್ರೇಲಿನಲ್ಲಿ ದುಡಿಯಲು ಹೋಗುತ್ತಿದ್ದ ಲಕ್ಷಕ್ಕೂ ಹೆಚ್ಚು ಕೂಲಿಕಾರರ ಪರವಾನಿಗೆಗಳು ನಿಂತುಹೋದುವು. 2025ರ ಆರಂಭದಲ್ಲಿ ಪಶ್ಚಿಮ ದಂಡೆಯಲ್ಲಿ ಸಂಯುಕ್ತ ರಾಷ್ಟ್ರಸಂಘದವರು ಎಣಿಸಿದ ಅಡ್ಡಿಗಳು 849. ಎರಡನೆಯ ವಹಿಯು ನಾಕೆಯನ್ನು ಕೀಳಲಾರದು. ಆದರೆ ನಾಕೆಯಲ್ಲಿ ನಡೆದುದು ನಡೆಯಲೇ ಇಲ್ಲವೆಂದು ಹೇಳುವ ದಾರಿಯನ್ನು ಅದು ಮುಚ್ಚುತ್ತದೆ.

ದೂರದ ಜಗಳವನ್ನು ಓದಿ ನಿಟ್ಟುಸಿರು ಬಿಡುವುದು ಸುಲಭ. ಇನ್ನು ಹತ್ತಿರಕ್ಕೆ ಬರೋಣ.

2020ರ ಮಾರ್ಚಿನಲ್ಲಿ ಕೊರೋನಾ ರೋಗದ ಭಯದಿಂದ ನಮ್ಮ ರಾಜ್ಯವು ಕಾಸರಗೋಡಿನ ಕಡೆಯ ಗಡಿಯನ್ನು ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ಅಡ್ಡಗಟ್ಟಲಾಯಿತು. ಸಣ್ಣ ದಾರಿಗಳ ಮೇಲೆ ಮಣ್ಣು ಸುರಿಯಲಾಯಿತು. ಕಾಸರಗೋಡು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡದೊಡನೆ ಒಂದೇ ಜಿಲ್ಲೆಯಾಗಿದ್ದ ಸೀಮೆ. ಅಲ್ಲಿಯ ಕನ್ನಡಿಗರನ್ನು ನಾವು ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿಯೂ ಸಹೋದರರೆಂದು ಕರೆಯುತ್ತೇವೆ. ಅವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. ಆ ದಿನಗಳಲ್ಲಿ ರೋಗಿಗಳ ಗಾಡಿಗಳು ತಲಪಾಡಿಯಿಂದ ಹಿಂದಿರುಗಿದುವು. ಚಿಕಿತ್ಸೆಗೆ ತಲುಪಲಾರದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ಹೆದ್ದಾರಿಯ ಅಡ್ಡಿಗಳನ್ನು ತೆಗೆಸಿ ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞೆ ಮಾಡಿತು. ವ್ಯಾಜ್ಯವು ಸುಪ್ರೀಮ್ ಕೋರ್ಟಿಗೆ ಹೋಯಿತು. ರೋಗಿಗಳನ್ನು ಬಿಡುವ ಕ್ರಮವು ಗೊತ್ತಾಗಿದೆಯೆಂದು ಕೇಂದ್ರವು ಏಪ್ರಿಲ್ 7ರಂದು ತಿಳಿಸಿದ ಮೇಲೆ ಮುಗಿಯಿತು.

ರೋಗದ ಭಯವು ಸುಳ್ಳಾಗಿರಲಿಲ್ಲ. ಸೆಟ್ಲಮೆಂಟಿನ ಕಾಲಕ್ಕೆ ಕಳ್ಳತನವೂ ಸುಳ್ಳಾಗಿರಲಿಲ್ಲ. ಇಸ್ರೇಲಿನ ಬಸ್ಸುಗಳಲ್ಲಿ ಸಿಡಿದ ಬಾಂಬುಗಳೂ ಸುಳ್ಳಲ್ಲ. ನಾಕೆ ಹಾಕುವವನ ಬಳಿ ಯಾವಾಗಲೂ ಒಂದು ನಿಜವಾದ ಕಾರಣವಿರುತ್ತದೆಂಬುದನ್ನೇ ನಾವು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾರಣವು ನಿಜವಾದುದರಿಂದಲೇ ಸಜ್ಜನರು ಸುಮ್ಮನಿರುತ್ತಾರೆ. ಸಜ್ಜನರು ಸುಮ್ಮನಿರುವುದರಿಂದ ನಾಕೆಯು ಕಾರಣವನ್ನು ಮೀರಿ ಬೆಳೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ತಲಪಾಡಿಯಲ್ಲಿ ಮೂತ್ರಪಿಂಡದ ರೋಗಿಯನ್ನು ತಡೆದುದರಿಂದ ಕೊರೋನಾ ಎಷ್ಟು ತಗ್ಗಿತು? ಆಗ ನಾಕೆಯು ಪರರದಾಗಿರಲಿಲ್ಲ, ನಮ್ಮದಾಗಿತ್ತು. ಹೊರಗೆ ನಿಂತವರಲ್ಲಿ ನಮ್ಮ ಭಾಷೆಯವರೇ ಇದ್ದರು. ಇಸ್ರೇಲಿನ ಅಜ್ಜಿಯರು ತಮ್ಮ ಸೈನ್ಯದ ಮುಂದೆ ನಿಂತಂತೆ ನಮ್ಮ ಪೋಲೀಸರ ಮುಂದೆ ವಹಿ ಹಿಡಿದು ನಿಲ್ಲಬೇಕಾಗಿದ್ದವರು ಗಡಿಯ ಈಚೆಯ ನಾವು. ಈ ಮಾತು ನಮ್ಮ ಪತ್ರಿಕೆಗೂ ಸಲ್ಲುತ್ತದೆ. ಆ ದಿನಗಳಲ್ಲಿ ನಾವು ರೋಗದ ಲೆಕ್ಕವನ್ನು ದಿನವೂ ಅಚ್ಚುಹಾಕಿದೆವು. ದಾರಿಯಲ್ಲಿ ಹಿಂದಿರುಗಿದವರ ಲೆಕ್ಕವನ್ನು ಇಡಲಿಲ್ಲ.

1950ರ ಜನವರಿ 26ರಿಂದ ಜಾರಿಯಾದ ನಮ್ಮ ಸಂವಿಧಾನದ 19ನೆಯ ಕಲಮು ದೇಶದ ತುಂಬ ಸ್ವೇಚ್ಛೆಯಿಂದ ಸಂಚರಿಸುವ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಟ್ಟಿದೆ. ಸಾರ್ವಜನಿಕ ಹಿತಕ್ಕಾಗಿ ಯುಕ್ತವಾದ ನಿರ್ಬಂಧಗಳನ್ನು ಹಾಕಲು ಸರಕಾರಕ್ಕೂ ಅದೇ ಕಲಮು ಅವಕಾಶವಿತ್ತಿದೆ. ನಿರ್ಬಂಧವು ಯುಕ್ತವೋ ಅಯುಕ್ತವೋ ಎಂಬುದನ್ನು ಕೊನೆಗೆ ನ್ಯಾಯಾಧೀಶರು ಹೇಳುವರು. ಆದರೆ ನಾಕೆಯಲ್ಲಿ ಏನು ನಡೆಯಿತೆಂಬುದನ್ನು ಅವರಿಗೆ ಹೇಳುವವರು ಯಾರು? ಸಾಕ್ಷಿಯಿಲ್ಲದ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ.

ಸೈನ್ಯದ ನಾಕೆಗಳು ನಮ್ಮ ಸೀಮೆಯಲ್ಲಿಲ್ಲ, ದೇವರು ದೊಡ್ಡವನು. ಆದರೆ ಚುನಾವಣೆ ಬಂದಿತೆಂದರೆ ಜಿಲ್ಲೆಯ ಗಡಿಗಳಲ್ಲಿಯೂ ಕೂಡುದಾರಿಗಳಲ್ಲಿಯೂ ತಪಾಸಣೆಯ ನಾಕೆಗಳು ಏಳುತ್ತವೆ. 50,000 ರೂಪಾಯಿಗಿಂತ ಹೆಚ್ಚು ನಗದನ್ನು ಕಾಗದಪತ್ರವಿಲ್ಲದೆ ಒಯ್ಯುವವನ ಹಣವನ್ನು ಅಲ್ಲಿ ಹಿಡಿಯಬಹುದು. ಮತಕ್ಕೆ ಹಣ ಹಂಚುವ ನೀಚತನವನ್ನು ತಡೆಯುವುದು ಒಳ್ಳೆಯ ಕೆಲಸವೇ. ಆದರೆ ಎತ್ತು ಮಾರಿಬಂದ ರೈತನಿಗೆ ಯಾವ ಕಾಗದವಿದೆ? ಮಗಳ ಮದುವೆಗೆ ಜವಳಿ ಕೊಳ್ಳಲು ಇಳಕಲ್ಲಿಗೆ ಹೊರಟವನಿಗೆ ಯಾವ ರಸೀತಿಯಿದೆ? ಹಿಡಿದ ಹಣವನ್ನು ವಿಚಾರಿಸಿ ಬಿಟ್ಟುಕೊಡುವುದಕ್ಕೆ ಜಿಲ್ಲೆಗೊಂದು ಸಮಿತಿಯುಂಟೆಂಬ ಸಂಗತಿಯನ್ನು ಆ ನಾಕೆಯಲ್ಲಿ ಅವನಿಗೆ ಹೇಳುವವರು ಯಾರು?

ಅಧಿಕಾರಿಗಳಾದ ವಾಚಕರಿಗೆ ನಮ್ಮ ವಿನಂತಿಯು ಇಷ್ಟೇ. ನಾಕೆಯ ಬಳಿಯಲ್ಲಿ ನಾಗರಿಕನೊಬ್ಬನು ವಹಿ ಹಿಡಿದು ನಿಂತರೆ ಅವನನ್ನು ಓಡಿಸಬೇಡಿರಿ. ಪ್ರಾಮಾಣಿಕನಾದ ಅಧಿಕಾರಿಗೆ ಅವನಿಂದ ನಷ್ಟವಿಲ್ಲ. ಸುಳ್ಳು ತಕರಾರು ಬಂದ ದಿನ ಅವನ ವಹಿಯೇ ನಿಮ್ಮ ಪಾಲಿನ ಸಾಕ್ಷಿಯಾದೀತು. ನಗರವಾಸಿಗಳಾದ ವಾಚಕರಲ್ಲಿ ನಮ್ಮ ಬೇಡಿಕೆಯು ಸ್ವಲ್ಪ ದೊಡ್ಡದು. ನಿವೃತ್ತರಾದ ಶಿಕ್ಷಕರು, ವಕೀಲರು, ಬಿಡುವುಳ್ಳ ತಾಯಂದಿರು ಊರೂರಲ್ಲಿದ್ದಾರೆ. ಮುಂದಿನ ಚುನಾವಣೆಯ ಕಾಲಕ್ಕೆ ಕುಳಗೇರಿ ಕ್ರಾಸಿನಂಥ ಕೂಡುದಾರಿಯಲ್ಲಿ ಇಬ್ಬಿಬ್ಬರಂತೆ ಸರದಿಯ ಮೇಲೆ ಎರಡು ತಾಸು ಕುಳಿತುಕೊಳ್ಳಿರಿ. ಜಗಳಕ್ಕೆ ಹೋಗಬೇಡಿರಿ, ಕಂಡುದನ್ನು ಮಾತ್ರ ಬರೆಯಿರಿ, ಕೇಳಿದುದನ್ನು ಕೇಳಿದುದೆಂದು ಬರೆಯಿರಿ, ಹೊತ್ತನ್ನು ಗಡಿಯಾರ ನೋಡಿ ಬರೆಯಿರಿ. ಒಳ್ಳೆಯದು ಕಂಡರೆ ಅದನ್ನೂ ಬಿಡದೆ ಬರೆಯಿರಿ. ಆ ವಹಿಯ ಪುಟಗಳನ್ನು ನಮಗೆ ಕಳಿಸಿದರೆ, ಅವು ಯಾರಿಗೆ ಹಿತವಾದರೂ ಯಾರಿಗೆ ಅಹಿತವಾದರೂ, ಇದೇ ಪುಟದಲ್ಲಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.